ಅರ್ಧಕ್ಕೆ ನಿಲ್ಲಿಸಬಲ್ಲ ಕೈ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಆಪರೇಷನ್ ಥಿಯೇಟರಿನ ಬಾಗಿಲ ಪಕ್ಕ, ದನಕ್ಕೆ ನೀರಿಡುವ ಬಾನಿಯಷ್ಟು ಉದ್ದದ ಸ್ಟೀಲ್ ತೊಟ್ಟಿ. ಅದರ ಮುಂದೆ ನಿಂತು ಐವತ್ತೊಂದರ ಹೆಂಗಸೊಬ್ಬರು ಕೈ ತೊಳೆಯುತ್ತಿದ್ದಾರೆ. ನಲ್ಲಿಯನ್ನು ಮೊಣಕೈಯಿಂದಲೇ ತಿರುಗಿಸಬೇಕು. ಬೆರಳ ತುದಿಗೆ ಬಿದ್ದ ನೀರು ಮೊಣಕೈಯ ಕಡೆಗೆ ಇಳಿಯಬೇಕೇ ಹೊರತು ಒಂದು ಹನಿಯೂ ಬೆರಳಿನತ್ತ ಮರಳುವಂತಿಲ್ಲ. ಉಗುರಿನ ಸಂದು, ಬೆರಳುಗಳ ನಡು, ಅಂಗೈ, ಮುಂಗೈ. ಪೂರಾ ಐದು ನಿಮಿಷ. ಕಿಟಕಿಯ ಗಾಜಿನಾಚೆ ಆಕಾಶ ಈಗಷ್ಟೇ ಬೂದಿಬಣ್ಣಕ್ಕೆ ತಿರುಗುತ್ತಿದೆ. ಅವರ ತುಟಿ ಸಣ್ಣಗೆ ಅಲುಗುತ್ತಿದೆ.

ಜಪವೋ ಲೆಕ್ಕವೋ ಎಂದು ಕೇಳಿದರೆ ನಗುತ್ತಾರೆ. "ಮೊದಲ ಎರಡು ನಿಮಿಷ ಬೈಗುಳ. ನೀರು ಎಷ್ಟು ತಣ್ಣಗೆ ಬರುತ್ತೆ ಅಂತ ಮುಟ್ಟಿ ನೋಡಿ. ಉಳಿದ ಮೂರು ನಿಮಿಷ ಬೇಡ್ಕೋತೀನಿ. ಕೈಗೆ ಆತುರ ಕೊಡಬೇಡ, ಕಣ್ಣಿಗೆ ಜಂಬ ಕೊಡಬೇಡ ಅಂತ. ಅಷ್ಟೇ."

ಇವರು ಟ್ರಾಮಾ ಸರ್ಜನ್. ರಸ್ತೆಯಲ್ಲಿ ಗುದ್ದಿಸಿಕೊಂಡವರು, ಎತ್ತರದಿಂದ ಬಿದ್ದವರು, ಯಂತ್ರದ ಬಾಯಿಗೆ ಸಿಕ್ಕವರು ಮೊದಲು ಬಂದು ಸೇರುವುದು ಇವರ ಕೈಗೆ. ಆಸ್ಪತ್ರೆಯವರೆಲ್ಲ ಕರೆಯುವುದು 'ಡಾಕ್ಟರಮ್ಮ' ಎಂದು. ಕೆಳಗಿನ ತುರ್ತು ವಿಭಾಗಕ್ಕೆ ದಿನಕ್ಕೆ ಹದಿನೈದು ಹದಿನಾರು ಗಾಯಾಳುಗಳು ಬರುತ್ತಾರೆ. ಅವರಲ್ಲಿ ಮೂವರು ನಾಲ್ವರನ್ನು ಲಿಫ್ಟಿನಲ್ಲಿ ಮೇಲಕ್ಕೆ ತರಬೇಕಾಗುತ್ತದೆ. ಬಾಗಿಲಿನಿಂದ ಆಪರೇಷನ್ ಟೇಬಲ್ಲಿಗೆ ಹನ್ನೊಂದು ನಿಮಿಷ. ಇಪ್ಪತ್ತೆರಡು ವರ್ಷದಿಂದ ಡಾಕ್ಟರಮ್ಮ ಮಾಡುತ್ತಿರುವುದು ಇದೇ ಕೆಲಸ. ಈ ಊರಿನ ಬೀದಿಗಳಲ್ಲಿ ಇವರ ಬೆರಳು ಒಳಗೆ ಹೋಗಿಬಂದ ಹೊಟ್ಟೆಗಳು ಸಾವಿರಗಟ್ಟಲೆ ಓಡಾಡುತ್ತಿವೆ. ಇವರ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.

ಗೊತ್ತಾಗುವುದಾದರೂ ಹೇಗೆ? ಬರುವಾಗ ರೋಗಿಗೆ ಎಚ್ಚರವಿರುವುದಿಲ್ಲ. ಎಚ್ಚರವಾಗುವಷ್ಟರಲ್ಲಿ ವಾರ್ಡಿಗೆ ಹೋಗಿರುತ್ತಾರೆ, ಅಲ್ಲಿ ಬೇರೆ ಡಾಕ್ಟರು, ಬೇರೆ ಸಿಸ್ಟರು. ಮನೆಗೆ ಹೊರಡುವ ದಿನ ಕೈ ಮುಗಿಯುವುದೂ ಅವರಿಗೇ. "ಮೊನ್ನೆ ತರಕಾರಿ ಅಂಗಡೀಲಿ ಒಬ್ಬ ನನ್ನ ತಳ್ಳಿಕೊಂಡು ಮುಂದೆ ಹೋದ. 'ಸ್ವಲ್ಪ ಸರೀರಮ್ಮ, ಟೊಮೆಟೊ ನೋಡ್ತಾ ನಿಂತ್ರೆ ಬೆಳಗಾಗುತ್ತೆ' ಅಂದ. ಕುತ್ತಿಗೆ ಹತ್ತಿರದ ಮಚ್ಚೆ ನೋಡಿ ಗುರುತು ಹಿಡಿದೆ. ಎರಡು ವರ್ಷದ ಹಿಂದೆ ಅವನ ಹೊಟ್ಟೆಯೊಳಗೆ ಒಡೆದಿದ್ದ ಗುಲ್ಮ, ಅದೇ ಸ್ಪ್ಲೀನ್, ತೆಗೆದಿದ್ದು ನಾನೇ. ಪರವಾಗಿಲ್ಲ, ತಳ್ಳೋಕೆ ಒಳ್ಳೆ ಶಕ್ತಿ ಬಂದಿದೆ ಅಂತ ಖುಷಿಯಾಯ್ತು."

ಇಂದು ಬೆಳಿಗ್ಗೆ ಟೇಬಲ್ಲಿಗೆ ಬರಲಿರುವವನು ಮೂವತ್ತೈದರ ಒಬ್ಬ ಗೋದಾಮಿನ ಕೆಲಸಗಾರ. ಲಾರಿಗಳು ಹಿಂದಕ್ಕೆ ಬರುವಾಗ ಹಿಂದೆ ನಿಂತು, ಕೈಬೀಸಿ, "ಬರ್ಲಿ, ಬರ್ಲಿ" ಎಂದು ಕೂಗಿ ನಿಲ್ಲಿಸುವುದು ಅವನ ಉದ್ಯೋಗ. ಹಾಗಾಗಿ ಗೋದಾಮಿನಲ್ಲಿ ಅವನ ಹೆಸರೇ 'ಬರ್ಲಿ'. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಲಾರಿ ಅವನ ಕೂಗಿಗೆ ನಿಲ್ಲಲಿಲ್ಲ. ಲಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. ಹಿಂಬದಿಯ ಕೊಕ್ಕೆ ಬಲಪಕ್ಕೆಯನ್ನು ಸೀಳಿತ್ತು, ಒಳಗೆ ಯಕೃತ್ತು ಬಿರುಕು ಬಿಟ್ಟಿತ್ತು. ತುರ್ತು ವಿಭಾಗದ ಬಾಗಿಲಿಗೆ ಬಂದಾಗ ನಾಡಿ ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಡಾಕ್ಟರಮ್ಮ ಪಕ್ಕೆಯ ಗಾಯಕ್ಕೆ ಬಟ್ಟೆ ತುರುಕಿ, ಕೈಯನ್ನು ಅಲ್ಲೇ ಅದುಮಿ ಹಿಡಿದು, ಟ್ರಾಲಿಯ ಜೊತೆಗೇ ಓಡಿ ಲಿಫ್ಟು ಹತ್ತಿದ್ದರು.

ಅಂದು ಥಿಯೇಟರಿನಲ್ಲಿ ಅವರು ಇದ್ದದ್ದು ಐವತ್ತೆರಡು ನಿಮಿಷ. ಹೊಟ್ಟೆ ತೆರೆದರು, ಯಕೃತ್ತಿನ ಸುತ್ತ ಎಂಟು ಬಟ್ಟೆಗಳನ್ನು ಒತ್ತೊತ್ತಾಗಿ ಇಟ್ಟು ರಕ್ತ ನಿಲ್ಲಿಸಿದರು. ಪದರ ಪದರವಾಗಿ ಮಡಿಸಿ ಅಂಚು ಹೊಲಿದ, ಎರಡಂಗೈ ಅಗಲದ ಈ ಬಿಳಿ ಬಟ್ಟೆಗೆ ಅಲ್ಲಿ ಮಾಪ್ ಎನ್ನುತ್ತಾರೆ. ಮೂಲೆಯಲ್ಲೊಂದು ನೀಲಿ ದಾರವಿರುತ್ತದೆ, ಎಕ್ಸ್‌ರೇಯಲ್ಲಿ ಕಾಣಲೆಂದು. ಎಂಟನ್ನೂ ಒಳಗೇ ಬಿಟ್ಟು, ಹೊಟ್ಟೆಯನ್ನು ಹೊಲಿಯದೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬರ್ಲಿಯನ್ನು ತೀವ್ರ ನಿಗಾ ಘಟಕಕ್ಕೆ ಕಳಿಸಿದರು. ಗೋಡೆಯ ಹಲಗೆಯ ಮೇಲೆ 'ಒಳಗೆ ಎಂಟು' ಎಂದು ಬರೆಸಿದರು. ಇಂದು, ಮೂವತ್ತೊಂಬತ್ತು ಗಂಟೆಗಳ ಮೇಲೆ, ಆ ಎಂಟನ್ನು ವಾಪಸು ತೆಗೆಯಲು ಹೋಗುತ್ತಿದ್ದಾರೆ.

"ರಕ್ತ ತುಂಬಾ ಹೋದ ಮೈ ತಣ್ಣಗಾಗುತ್ತೆ. ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟಲ್ಲ. ಸೂಜಿ ಹಾಕಿದ ತೂತಿಂದಾನೂ ಸೋರುತ್ತೆ. ಆಗ ನಾನು ಎಷ್ಟು ಚೆನ್ನಾಗಿ ಹೊಲಿದರೂ ಅಷ್ಟೇ. ಸೋರೋದನ್ನ ನಿಲ್ಲಿಸು, ಹೊರಗೆ ಬಾ, ಮೈ ಬೆಚ್ಚಗಾಗಲಿ, ಆಮೇಲೆ ಹೋಗಿ ಮುಗಿಸು. ಹೇಳೋಕೆ ಸುಲಭ. ಕೈ ಕೇಳಲ್ಲ. ಇನ್ನೊಂದೇ ಹೊಲಿಗೆ, ಇನ್ನೊಂದೇ ಹೊಲಿಗೆ ಅನ್ನುತ್ತೆ."

ಹಿಡಿದ ಕೆಲಸ ಮುಗಿಸಿಯೇ ಏಳಬೇಕು ಎಂದು ಕೇಳಿ ಬೆಳೆದವರು ನಾವೆಲ್ಲ. ಕಥೆ ಹೇಳುವ ಅಜ್ಜಿಯರಿಗೆ ಮಾತ್ರ ಬೇರೆ ವಿದ್ಯೆ ಗೊತ್ತಿತ್ತು. ರಾಜಕುಮಾರ ಬಾವಿಗೆ ಬಿದ್ದ ಜಾಗಕ್ಕೆ ತಂದು ನಿಲ್ಲಿಸಿ, "ಉಳಿದದ್ದು ನಾಳೆ" ಎಂದು ಮಗ್ಗುಲಾಗಿಬಿಡುತ್ತಿದ್ದರು. ಕೇಳುವ ಮಕ್ಕಳಿಗೆ ಸಿಟ್ಟು. ಅಜ್ಜಿಗೆ ಗೊತ್ತು, ರಾಜಕುಮಾರನಿಗೆ ನಾಳೆಯವರೆಗೂ ಆಯುಸ್ಸಿದೆ. ಮುಗಿಸದೆ ಎದ್ದುಬರುವುದಕ್ಕೂ ಒಂದು ನಂಬಿಕೆ ಬೇಕು, ಉಳಿದರ್ಧವನ್ನು ಕಾಯುವವನು ಒಬ್ಬನಿದ್ದಾನೆ ಎಂಬ ನಂಬಿಕೆ.

ಬರ್ಲಿಯ ಅಕ್ಕನಿಗೆ ಆ ನಂಬಿಕೆಯಿಲ್ಲ. ತಾಯಿ ತೀರಿಕೊಂಡಾಗ ಆರು ವರ್ಷದವನಾಗಿದ್ದ ತಮ್ಮನನ್ನು ಎತ್ತಿ ಬೆಳೆಸಿದವರು ಆಕೆ. ಟೈಲರಿಂಗ್ ಅವರ ಕಸುಬು. ಕುತ್ತಿಗೆಯಲ್ಲಿ ಇನ್ನೂ ಅಳತೆ ಟೇಪು ಇಳಿಬಿದ್ದಿದೆ. ಸೋಮವಾರ ಅಂಗಡಿಯಿಂದ ಹಾಗೇ ಓಡಿಬಂದವರು ಅದನ್ನು ತೆಗೆಯುವುದನ್ನೇ ಮರೆತಿದ್ದಾರೆ. ಕೈ ತೊಳೆಯಲು ಬರುವ ಮುಂಚೆ ಡಾಕ್ಟರಮ್ಮ ಹೊರಗಿನ ಬೆಂಚಿನ ಹತ್ತಿರ ಹೋಗಿ ಅವರೆದುರು ನಿಲ್ಲುತ್ತಾರೆ.

"ನಾನೂ ಹೊಲಿಯೋಳೇ ಡಾಕ್ಟ್ರೇ," ಎನ್ನುತ್ತಾರೆ ಟೈಲರಕ್ಕ, ಏಳದೆಯೇ. "ಮೂವತ್ತು ವರ್ಷ ಆಯ್ತು ಮಷಿನ್ ತುಳಿಯೋಕೆ ಶುರು ಮಾಡಿ. ಅರ್ಧ ಹೊಲಿದು ಕೊಟ್ರೆ ಗಿರಾಕಿಗಳು ಮುಖಕ್ಕೆ ಎಸೆದು ಹೋಗ್ತಾರೆ. ನೀವು ನನ್ನ ತಮ್ಮನ್ನ ಹೊಟ್ಟೆ ತೆರೆದು ಎರಡು ದಿನದಿಂದ ಹಾಗೇ ಮಲಗಿಸಿದ್ದೀರಲ್ಲ!"

"ಮಳೇಲಿ ನೆಂದು ತೊಪ್ಪೆಯಾದ ಬಟ್ಟೆ ತಂದು ಈಗಲೇ ಹೊಲಿ ಅಂದ್ರೆ ಹೊಲೀತೀರೇನಮ್ಮ?"

"ಒಣಗಿಸಿಕೊಂಡು ಬನ್ನಿ ಅಂತೀನಿ."

"ಸೋಮವಾರ ನಾನೂ ಅಷ್ಟೇ ಅಂದೆ."

ಟೈಲರಕ್ಕ ತಲೆಯೆತ್ತಿ ನೋಡುತ್ತಾರೆ. "ಈಗ ಒಣಗಿದ್ಯಾ?"

"ಮೈ ಬೆಚ್ಚಗಾಗಿದೆ. ರಕ್ತ ಹೆಪ್ಪುಗಟ್ತಿದೆ. ಒಳಗೆ ಎಂಟು ಬಟ್ಟೆ ಇಟ್ಟಿದ್ದೀನಿ. ಅದನ್ನ ತೆಗೆದು, ಎಲ್ಲ ನೋಡಿ, ಮುಚ್ತೀನಿ."

"ಎಂಟೂ ವಾಪಸ್ ಬರುತ್ತೆ ಅಂತ ಮಾತು ಕೊಡ್ತೀರಾ?"

ಡಾಕ್ಟರುಗಳು ಮಾತು ಕೊಡುವುದಿಲ್ಲ. ಕೊಡಬಾರದೆಂದೇ ಅವರಿಗೆ ಕಲಿಸಿರುತ್ತಾರೆ. ಡಾಕ್ಟರಮ್ಮ ಆಕೆಯ ಮುಖವನ್ನೇ ನೋಡುತ್ತ, "ಬಟ್ಟೆ ಮಟ್ಟಿಗೆ ಮಾತು ಕೊಡ್ತೀನಿ. ತಮ್ಮನ ಮಟ್ಟಿಗೆ ನನ್ನ ಕೈಲಾದದ್ದು ನಾನು, ಉಳಿದದ್ದು ದೇವರು," ಎಂದು ಹೇಳಿ ಒಳಗೆ ಬರುತ್ತಾರೆ.

ಅರ್ಧಕ್ಕೆ ನಿಲ್ಲಿಸುವುದನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಸ್ಸಿನಡಿ ಸಿಕ್ಕ ಒಬ್ಬ ಶಾಲಾ ಮಾಸ್ತರರನ್ನು ನಾಲ್ಕೂವರೆ ಗಂಟೆ ಆಪರೇಷನ್ ಮಾಡಿದ್ದರು. ಹರಿದ ಒಂದೊಂದು ನಾಳವನ್ನೂ ಕೂದಲೆಳೆಯಷ್ಟು ಸಣ್ಣ ದಾರದಲ್ಲಿ ಹೊಲಿದರು. ನೋಡಲು ಬಂದ ಹಿರಿಯರು ತಲೆದೂಗಿದರು. ಕೊನೆಯ ಗಂಟು ಹಾಕುವ ಹೊತ್ತಿಗೆ ಮಾಸ್ತರರ ಉಸಿರು ನಿಂತಿತ್ತು. "ಅಂಥ ಚಂದದ ಹೊಲಿಗೆ ಮತ್ತೆ ನಾನು ಯಾವತ್ತೂ ಹಾಕಿಲ್ಲ. ಮೊದಲ ಗಂಟೇಲೇ ನಿಲ್ಲಿಸಿದ್ರೆ ಬದುಕ್ತಿದ್ರೇನೋ. ನನಗೆ ಮುಗಿಸೋ ಚಟ." ಆ ದಿನದಿಂದ ಥಿಯೇಟರಿನ ಗೋಡೆಗೆ ದೊಡ್ಡ ಗಡಿಯಾರ ಹಾಕಿಸಿದ್ದಾರೆ. ತುರ್ತು ಆಪರೇಷನ್ ಶುರುವಾಗಿ ಒಂದು ಗಂಟೆಯಾಗುತ್ತ ಬಂದರೆ ಕೂಗಿ ಹೇಳುವ ಅಧಿಕಾರ ಅರಿವಳಿಕೆ ಡಾಕ್ಟರದು.

ಕಷ್ಟಗಳನ್ನು ಕೇಳಿದರೆ ಹೆಚ್ಚು ಹೇಳುವುದಿಲ್ಲ. ಹೆಂಗಸಿಗೆ ಎದೆಗೂಡು ಅಗಲಿಸುವ ಬಲ ಎಲ್ಲಿಂದ ಬರಬೇಕು ಎಂದಿದ್ದರಂತೆ ಒಬ್ಬ ಗುರುಗಳು. ಏಳು ತಿಂಗಳ ಬಸುರಿಯಾಗಿದ್ದಾಗ ಟೇಬಲ್ಲಿನ ಅಂಚು ಹೊಟ್ಟೆಗೆ ತಾಗುತ್ತದೆಂದು ಪಕ್ಕಕ್ಕೆ ತಿರುಗಿ ನಿಂತು ಆಪರೇಷನ್ ಮಾಡಿದವರು ಇವರು. ಮನೆಯಲ್ಲಿ ಅಡುಗೆ ಭೂಗೋಳದ ಮೇಷ್ಟ್ರಾದ ಗಂಡನದು. "ಇವಳಿಗೆ ಮನೇಲಿ ಚಾಕು ಮುಟ್ಟೋಕೆ ಬಿಡಲ್ಲ ನಾನು," ಎನ್ನುತ್ತಾರೆ ಅವರು. "ಬದನೆಕಾಯಿ ಹೆಚ್ಚು ಅಂದ್ರೆ ಮೊದಲು ಅದರ ನರ ಹುಡುಕ್ತಾಳೆ." ಕಾಲೇಜಿಗೆ ಹೋಗುವ ಮಗಳಿಗೆ ರಕ್ತ ಕಂಡರೆ ತಲೆಸುತ್ತು. ಅವಳು ಓದುತ್ತಿರುವುದು ಗಣಿತ.

ಹೊಟ್ಟೆ ಮುಚ್ಚುವ ಮೊದಲು ಡಾಕ್ಟರಮ್ಮ ಒಂದು ಕೆಲಸ ತಪ್ಪದೆ ಮಾಡುತ್ತಾರೆ. ಸೂಜಿ ಕೈಗೆ ತೆಗೆದುಕೊಳ್ಳುವ ಮುಂಚೆ ಕೈ ನಿಲ್ಲಿಸಿ, ಕೋಣೆಯಲ್ಲಿರುವ ಒಬ್ಬೊಬ್ಬರನ್ನೂ ಕೇಳುತ್ತಾರೆ: "ನಿಮಗೆ ಏನಾದ್ರೂ ಅನ್ನಿಸ್ತಿದ್ಯಾ?" ಶುರು ಮಾಡುವುದು ನೆಲ ಒರೆಸುವವರಿಂದ, ಮುಗಿಸುವುದು ಅರಿವಳಿಕೆ ಡಾಕ್ಟರಿಂದ. ಇದು ತಂದೆಯಿಂದ ಬಂದ ಪಾಠ. ಅವರ ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಿಪೇರಿಯಾದ ಬಸ್ಸನ್ನು ರಸ್ತೆಗೆ ಬಿಡುವ ಮೊದಲು ಅದನ್ನು ತೊಳೆದವನನ್ನೂ ಕರೆದು, "ಏನಾದ್ರೂ ಶಬ್ದ ಕೇಳಿಸ್ತೇನಪ್ಪಾ?" ಎನ್ನುತ್ತಿದ್ದರು. "ದೊಡ್ಡವರು ಮೊದಲು ಬಾಯಿ ಬಿಟ್ರೆ ಚಿಕ್ಕವರು ಬಾಯಿ ಮುಚ್ಕೋತಾರೆ, ಅದಕ್ಕೇ ಕೆಳಗಿಂದ ಶುರು," ಎಂಬುದು ಡಾಕ್ಟರಮ್ಮನ ವಿವರಣೆ. ಬಹುಪಾಲು ಎಲ್ಲರ ಉತ್ತರವೂ ಒಂದೇ: "ಏನಿಲ್ಲ ಮೇಡಂ." ಹೊಸದಾಗಿ ಬಂದ ಕಿರಿಯ ಡಾಕ್ಟರುಗಳು ಮಾಸ್ಕಿನೊಳಗೆ ನಗುವುದೂ ಉಂಟು.

ಆರೂ ಹತ್ತು. ಬರ್ಲಿ ಟೇಬಲ್ಲಿನ ಮೇಲಿದ್ದಾನೆ. ಅವನ ಮೈ ತಣ್ಣಗಾಗಬಾರದೆಂದು ಕೋಣೆಯನ್ನು ಬೆಚ್ಚಗಿಟ್ಟಿದ್ದಾರೆ. ಗೌನು ತೊಟ್ಟವರ ಬೆನ್ನಲ್ಲಿ ಬೆವರು ಇಳಿಯುತ್ತಿದೆ. ಪ್ಲಾಸ್ಟಿಕ್ ಹಾಳೆ ತೆಗೆದು ಡಾಕ್ಟರಮ್ಮ ಮೊದಲ ಬಟ್ಟೆಗೆ ಬೆಚ್ಚಗಿನ ನೀರು ಹನಿಸುತ್ತಾರೆ. ಒಣಗಿ ಅಂಟಿರುವ ಬಟ್ಟೆಯನ್ನು ಎಳೆದರೆ ಕಟ್ಟಿದ ರಕ್ತ ಮತ್ತೆ ಒಡೆಯುತ್ತದೆ. ಎಳೆ ಮಗುವಿನ ಕೈಯಿಂದ ನಿದ್ದೆಗೆಡಿಸದೆ ಆಟಿಕೆ ಬಿಡಿಸಿಕೊಳ್ಳುವಂತೆ, ಮೂಲೆಯಿಂದ ಮೂಲೆಗೆ, ನೀರು ಹನಿಸುತ್ತ ಬಿಡಿಸುತ್ತಾರೆ.

"ಒಂದು," ಎನ್ನುತ್ತಾರೆ ದೊಡ್ಡ ಸಿಸ್ಟರ್. ಉಪಕರಣಗಳನ್ನು ಕೈಗೆ ಕೊಡುವವರೂ, ಎಣಿಕೆ ಇಡುವವರೂ ಅವರೇ. ಹೊರಬಂದ ಬಟ್ಟೆಯನ್ನು ಬಿಡಿಸಿ ಸಾಲಾಗಿ ಹಾಸುತ್ತಾರೆ. ಎರಡು. ಮೂರು. ನಾಲ್ಕು. ಐದನೆಯದು ಅರ್ಧ ಬಂದಾಗ ಅದರಡಿ ಕೆಂಪು ಚಿಮ್ಮುತ್ತದೆ. ಡಾಕ್ಟರಮ್ಮನ ತೋರುಬೆರಳು ಆ ಜಾಗಕ್ಕೆ ಹೋಗಿ ಕೂರುತ್ತದೆ. ಬೆರಳು ಕದಲುವುದಿಲ್ಲ. ಗಡಿಯಾರದ ಸೆಕೆಂಡು ಮುಳ್ಳು ಐದು ಸುತ್ತು ಬರುತ್ತದೆ.

"ಬೆರಳಿಗೆ ಬೇರು ಬಂತೇನ್ರೀ?" ಎನ್ನುತ್ತಾರೆ ಅರಿವಳಿಕೆ ಡಾಕ್ಟರು, ರಕ್ತದೊತ್ತಡ ತೋರಿಸುವ ಪರದೆಯಿಂದ ಕಣ್ಣು ತೆಗೆಯದೆ.

"ಬರಲಿ ಬಿಡಿ. ಹಣ್ಣಾದ್ರೆ ನಿಮಗೂ ಕೊಡ್ತೀನಿ."

ಬೆರಳು ಎತ್ತಿದಾಗ ಜಾಗ ಒಣಗಿದೆ. ಆರು, ಏಳು, ಎಂಟು. ಯಕೃತ್ತು ಸೋರುವುದು ನಿಂತಿದೆ. ಕರುಳು ಗುಲಾಬಿ ಬಣ್ಣಕ್ಕಿದೆ. "ಎಂಟಕ್ಕೆ ಎಂಟು. ಲೆಕ್ಕ ಸರಿ ಡಾಕ್ಟ್ರೇ," ಎಂದು ದೊಡ್ಡ ಸಿಸ್ಟರ್ ಹಲಗೆಯ ಕಡೆ ನೋಡುತ್ತಾರೆ. ಕೋಣೆಯ ಬಿಗಿ ಸಡಿಲವಾಗುತ್ತದೆ. ಕಿರಿಯ ಡಾಕ್ಟರ್ ಹೊಲಿಗೆಯ ದಾರಕ್ಕೆ ಕೈ ಚಾಚುತ್ತಾನೆ. ಡಾಕ್ಟರಮ್ಮ ಎರಡೂ ಕೈಗಳನ್ನು ಹಸಿರು ಬಟ್ಟೆಯ ಮೇಲೆ ಇಟ್ಟು ನಿಲ್ಲುತ್ತಾರೆ.

"ಏನಮ್ಮ, ನಿನಗೇನಾದ್ರೂ ಅನ್ನಿಸ್ತಿದ್ಯಾ?"

"ಬೆನ್ನು ನೋವು ಬಿಟ್ರೆ ಇನ್ನೇನಿಲ್ಲ ಮೇಡಂ," ಎನ್ನುತ್ತಾಳೆ ನೆಲ ಒರೆಸುವಾಕೆ.

"ಗಾಲಿಯಣ್ಣ, ನಿಮಗೆ?"

ಗಾಲಿಯಣ್ಣ ಬಾಗಿಲ ಪಕ್ಕ ನಿಂತಿದ್ದಾರೆ. ಐವತ್ತೆಂಟರ ಸಣಕಲು ಮನುಷ್ಯ. ಟ್ರಾಲಿ ತಳ್ಳುವುದು ಅವರ ಕೆಲಸ. ಹನ್ನೆರಡು ವರ್ಷದಿಂದ ಈ ಪ್ರಶ್ನೆಗೆ ಅವರು ಕೊಟ್ಟಿರುವುದು ಒಂದೇ ಉತ್ತರ. ಇಂದು ಕಾಲು ಬದಲಿಸಿ ನಿಲ್ಲುತ್ತಾರೆ.

"ಏನಿಲ್ಲ ಮೇಡಂ... ನನಗೆ ತಿಳಿಯೋ ವಿಷಯ ಅಲ್ಲ ಬಿಡಿ."

"ತಿಳಿಯೋದು ಬೇಡ. ಅನ್ನಿಸಿದ್ದು ಹೇಳಿ."

"ಸೋಮವಾರ ಕೆಳಗಡೆ ಇವನ ಪಕ್ಕೆಗೆ ನೀವು ಬಟ್ಟೆ ತುರುಕಿದ್ರಲ್ಲ... ಎರಡು ತುರುಕಿದ್ರಿ. ಲಿಫ್ಟಲ್ಲಿ ಒಂದು ಕಿತ್ತು ಬಿಸಾಕಿದ್ರಿ, ನನ್ನ ಚಪ್ಪಲಿ ಮೇಲೆ ಬಿತ್ತು. ಇನ್ನೊಂದು ಹೊರಗೆ ಬಂದಿದ್ದು ನಾನಂತೂ ನೋಡಲಿಲ್ಲ."

"ಒಂದೇ ಇಟ್ಟಿದ್ದು," ಎನ್ನುತ್ತಾನೆ ಕಿರಿಯ ಡಾಕ್ಟರ್. "ನಾನೂ ಪಕ್ಕದಲ್ಲೇ ಇದ್ದೆ."

"ಇದ್ರಿ ಸಾರ್. ನೀವು ರಕ್ತದ ಚೀಲ ಹಿಡ್ಕೊಂಡು ಮೇಲೆ ನೋಡ್ತಿದ್ರಿ."

ಡಾಕ್ಟರಮ್ಮನಿಗೂ ನೆನಪಿರುವುದು ಒಂದೇ. ಹಲಗೆ ಹೇಳುವುದು ಎಂಟು. ಹಾಸಿದ ಬಟ್ಟೆ ಎಂಟು. ತಾನು ಕಂಡದ್ದು, ಓದಿದ ಕಿರಿಯ ಕಂಡದ್ದು, ಬರೆದಿಟ್ಟದ್ದು ಎಲ್ಲವೂ ಒಂದು ಕಡೆ. ಬಾಗಿಲಲ್ಲಿ ನಿಂತವರ ಅನುಮಾನ ಇನ್ನೊಂದು ಕಡೆ. ಎಕ್ಸ್‌ರೇ ಎಂದರೆ ಯಂತ್ರ ತರಬೇಕು, ತೆರೆದ ಹೊಟ್ಟೆ ಇನ್ನೂ ಕಾಲು ಗಂಟೆ ತೆರೆದೇ ಇರಬೇಕು. ಅವರು ಯೋಚಿಸುವುದು ಒಂದು ಉಸಿರಿನಷ್ಟು ಹೊತ್ತು.

"ಫಿಲ್ಮ್ ತೆಗೀರಿ."

ಪರದೆಯ ಮೇಲೆ ಬರ್ಲಿಯ ಪಕ್ಕೆಲುಬುಗಳು ಮೂಡುತ್ತವೆ, ಬೆನ್ನುಮೂಳೆಯ ಏಣಿ ಮೂಡುತ್ತದೆ. ಅದರ ಬಲಕ್ಕೆ, ಮೂತ್ರಪಿಂಡದ ಮಗ್ಗುಲಲ್ಲಿ, ಮಲಗಿದ ಹುಳುವಿನಂತೆ ಸುರುಳಿ ಸುತ್ತಿದ ಒಂದು ಬಿಳಿ ಗೆರೆ. ದಾರ.

"ನಂದೇ," ಎನ್ನುತ್ತಾರೆ ಡಾಕ್ಟರಮ್ಮ.

ಅದು ನಡೆದ ಬಗೆ ಆಮೇಲೆ ಸ್ಪಷ್ಟವಾಗುತ್ತದೆ. ಥಿಯೇಟರಿನ ಎಣಿಕೆ ಶುರುವಾಗುವುದು ಥಿಯೇಟರಿನ ಬಾಗಿಲಿನಿಂದ. ಕೆಳಗೆ, ಸಾವು ಎದುರು ನಿಂತಿದ್ದಾಗ ತುರುಕಿದ ಬಟ್ಟೆಗೆ ಲೆಕ್ಕವಿಲ್ಲ. ಎರಡನೆಯ ಬಟ್ಟೆ ಪಕ್ಕೆಯ ಸೀಳಿನಿಂದ ಜಾರಿ, ಹೊಟ್ಟೆಯೊಳಗಿನ ತೆಳುಪರದೆಯ ಹಿಂದೆ ಸೇರಿಕೊಂಡಿದೆ. ಮುಂದಿನಿಂದ ಎಷ್ಟು ಹುಡುಕಿದರೂ ಕಾಣುವ ಜಾಗವಲ್ಲ. ತಮಗೇ ಗೊತ್ತಿಲ್ಲದಷ್ಟು ವೇಗವಾಗಿ ಕೆಲಸ ಮಾಡುವ ಕೈಗಳಿಗೆ ಮಾತ್ರ ಆಗಬಹುದಾದ ತಪ್ಪು ಇದು.

ಬಲಪಕ್ಕೆಯ ಗಾಯದ ಕಟ್ಟು ಬಿಚ್ಚಿ, ಬೆರಳಿನಿಂದ ದಾರಿ ಮಾಡಿಕೊಂಡು, ಅವರು ಅದನ್ನು ಹೊರತೆಗೆಯುತ್ತಾರೆ. ಕಂದುಬಣ್ಣಕ್ಕೆ ತಿರುಗಿದ ಮುದ್ದೆ, ಆಗಲೇ ಹುಳಿವಾಸನೆ ಹಿಡಿದಿದೆ. ದೊಡ್ಡ ಸಿಸ್ಟರ್ ಅದನ್ನೂ ಬಿಡಿಸಿ ಸಾಲಿನ ಕೊನೆಗೆ ಹಾಸುತ್ತಾರೆ. "ಒಂಬತ್ತು," ಎನ್ನುವಾಗ ಅವರ ದನಿ ಸ್ವಲ್ಪ ತಗ್ಗಿದೆ. ಡಾಕ್ಟರಮ್ಮ ಗಾಯ ತೊಳೆದು, ಮತ್ತೆ ಮೊದಲಿನಿಂದ ಎಲ್ಲರನ್ನೂ ಕೇಳುತ್ತಾರೆ. ಈ ಸಲ ಯಾರೂ ನಗುವುದಿಲ್ಲ. ಎಂಟೂ ಇಪ್ಪತ್ತಕ್ಕೆ ಬರ್ಲಿಯ ಹೊಟ್ಟೆ ಮುಚ್ಚುತ್ತದೆ.

ಗೌನು ಕಳಚುತ್ತಿರುವಾಗ ಕಿರಿಯ ಡಾಕ್ಟರ್ ಹಿಂದೆಯೇ ಬರುತ್ತಾನೆ. "ಮೇಡಂ, ಅವರಿಗೆ ಹೇಳಲೇಬೇಕಾ? ತೆಗೆದಾಯ್ತಲ್ಲ."

"ಎಂಟು ಅಂತ ಮಾತು ಕೊಟ್ಟು ಬಂದೆ ಕಣಪ್ಪಾ. ಒಂಬತ್ತು ತೆಗೆದಿದ್ದೀನಿ. ಹೇಳದೆ ಆ ಬೆಂಚ್ ಮುಂದೆ ಹೇಗೆ ಹಾದುಹೋಗಲಿ?"

ಬೆಂಚಿನ ಮೇಲೆ ಟೈಲರಕ್ಕನ ಪಕ್ಕದಲ್ಲಿ ಕುಳಿತು, ತಮ್ಮ ಬದುಕಿದ್ದಾನೆ, ಹೊಟ್ಟೆ ಮುಚ್ಚಿದೆ ಎಂದು ಮೊದಲು ಹೇಳುತ್ತಾರೆ. ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುವವರೆಗೆ ಕಾಯುತ್ತಾರೆ. ಆಮೇಲೆ ಒಂಬತ್ತನೆಯದನ್ನು ಹೇಳುತ್ತಾರೆ. ಯಾರ ಕೈ ಇಟ್ಟದ್ದು, ಯಾರ ಕಣ್ಣಿಗೆ ಬಿದ್ದದ್ದು, ಎಲ್ಲ.

"ಆ ಟ್ರಾಲಿಯವರು ಬಾಯಿ ಬಿಡದೇ ಇದ್ದಿದ್ರೆ?"

"ನಾಲ್ಕು ದಿನಕ್ಕೆ ಕೀವಾಗ್ತಿತ್ತು. ಜ್ವರ ಏರ್ತಿತ್ತು. ನಾವು ಕಾರಣ ಹುಡುಕ್ತಾ ಕೂತಿರ್ತಿದ್ವಿ. ಉಳೀತಿದ್ದ ಅಂತ ಹೇಳೋಕಾಗಲ್ಲ."

"ಎಷ್ಟು ಸಲೀಸಾಗಿ ಹೇಳ್ತೀರಿ!"

"ಸಲೀಸಾಗಿಲ್ಲಮ್ಮ. ಕಾಲು ನಡುಗ್ತಿದೆ. ಅದಕ್ಕೇ ಕೂತ್ಕೊಂಡು ಹೇಳ್ತಿದ್ದೀನಿ."

ಟೈಲರಕ್ಕ ಎದ್ದು, ಖಾಲಿ ಟ್ರಾಲಿಯ ಪಕ್ಕ ನಿಂತಿದ್ದ ಗಾಲಿಯಣ್ಣನ ಬಳಿ ಹೋಗುತ್ತಾರೆ.

"ನೀವೇನಾ ಎಣಿಸಿದ್ದು?"

"ಎಣಿಸಿಲ್ಲ ತಾಯೀ. ಕಣ್ಣಿಗೆ ಬಿತ್ತು ಅಷ್ಟೇ."

ಆಕೆ ಅವರನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. "ಅಂಗಿ ಜೇಬು ಹರಿದು ನೇತಾಡ್ತಿದೆ. ಬಿಚ್ಚಿ ಕೊಡಿ. ನಾಳೆ ತರ್ತೀನಿ."

"ಡ್ಯೂಟಿ ಅಂಗಿ ತಾಯೀ, ಬಿಚ್ಚಿದ್ರೆ ಬೈತಾರೆ."

"ಯಾರು ಬೈಯೋದು? ನನ್ನ ಮುಂದೆ ಬಂದು ಬೈಯಲಿ."

ಆ ಇಡೀ ದಿನ ಆಕೆ ಡಾಕ್ಟರಮ್ಮನ ಜೊತೆ ಮತ್ತೆ ಮಾತಾಡುವುದಿಲ್ಲ. ಮರುದಿನವೂ ಇಲ್ಲ. ಅದು ತನಗೆ ಸಲ್ಲಬೇಕಾದದ್ದೇ ಎನ್ನುತ್ತಾರೆ ಡಾಕ್ಟರಮ್ಮ. ಮೂರನೆಯ ದಿನ ವಾರ್ಡಿನ ಬಾಗಿಲಲ್ಲಿ ಎದುರಾದಾಗ, "ಜ್ವರ ಇಲ್ಲ," ಎಂದಷ್ಟೇ ಹೇಳಿ ಟೈಲರಕ್ಕ ಒಳಗೆ ಹೋಗುತ್ತಾರೆ. "ಎರಡೇ ಮಾತು. ಆದರೆ ನಾನು ಕೇಳದೇ ಬಂದದ್ದು," ಎಂದು ಡಾಕ್ಟರಮ್ಮ ಅದನ್ನು ಬಹಳ ಸಲ ನೆನೆಯುತ್ತಾರೆ.

ಶನಿವಾರ ಎಲ್ಲ ಡಾಕ್ಟರುಗಳು ಸೇರುವ ಸಭೆಯಲ್ಲಿ ಅವರು ಎದ್ದುನಿಂತು ತಮ್ಮ ತಪ್ಪನ್ನು ತಾವೇ ಓದುತ್ತಾರೆ. ಇಪ್ಪತ್ತೆರಡು ವರ್ಷ ಗಳಿಸಿದ ಹೆಸರನ್ನು ಹೀಗೆ ಮೇಜಿನ ಮೇಲೆ ಬಿಚ್ಚಿಡುವುದು ಸಣ್ಣ ಮಾತಲ್ಲ. ಓದುವಾಗ ದನಿ ಒಮ್ಮೆಯೂ ತಡವರಿಸುವುದಿಲ್ಲ. ಇನ್ನು ಮುಂದೆ ಎಣಿಕೆ ಕೆಳಗಿನ ಬಾಗಿಲಿನಿಂದಲೇ ಶುರುವಾಗಬೇಕು, ಬಟ್ಟೆ ಇಡುವವರು ಕೂಗಿ ಹೇಳಬೇಕು, ಟ್ರಾಲಿಯ ತಲೆಕಡೆ ಒಂದು ಸ್ಲೇಟು ಇರಬೇಕು, ಅದನ್ನು ಬರೆಯುವವರು ಟ್ರಾಲಿಯವರು ಎಂಬುದು ಅವರ ಸಲಹೆ.

"ಟ್ರಾಲಿ ತಳ್ಳೋನ ಕೈಲಿ ಸ್ಲೇಟಾ?" ಎನ್ನುತ್ತಾರೆ ಒಬ್ಬ ಹಿರಿಯರು.

"ನಮ್ಮೆಲ್ಲರ ಕಣ್ಣೂ ಗಾಯದ ಮೇಲಿರುತ್ತೆ ಸಾರ್. ಬಿಡುವಾಗಿರೋ ಕಣ್ಣು ಅವರದೊಂದೇ."

ಹತ್ತನೆಯ ದಿನ ಬರ್ಲಿ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ. ಗಾಲಿಕುರ್ಚಿಯೊಂದು ಹಿಂದಕ್ಕೆ ಬರುತ್ತಿದ್ದರೆ ತನ್ನಷ್ಟಕ್ಕೆ ತಾನೇ ಕೈಬೀಸಿ "ಬರ್ಲಿ, ಬರ್ಲಿ" ಎಂದು ದನಿ ತೆಗೆಯುತ್ತಾನೆ. ವಾರ್ಡಿನ ಸಿಸ್ಟರ್ ಗದರುತ್ತಾರೆ. ಬಾಗಿಲಲ್ಲಿ ನಿಂತು ನೋಡುತ್ತಿರುವ ಹೆಂಗಸು ಯಾರೆಂದು ಅವನಿಗೆ ಗೊತ್ತಿಲ್ಲ. ಪಕ್ಕದ ಹಾಸಿಗೆಯವರ ಕಡೆಯವರೆಂದು ತಿಳಿದು, ಕುರ್ಚಿಯನ್ನು ಕಾಲಿನಿಂದ ಅತ್ತ ತಳ್ಳಿ, "ಕೂತ್ಕೊಳ್ಳಿ ಅಕ್ಕಾ, ಎಷ್ಟೊತ್ತು ನಿಂತಿರ್ತೀರಿ," ಎನ್ನುತ್ತಾನೆ. ಟೈಲರಕ್ಕ ಬಾಯಿ ತೆರೆದು ಹೇಳಹೊರಟಾಗ ಡಾಕ್ಟರಮ್ಮ ತಲೆಯಾಡಿಸಿ ತಡೆಯುತ್ತಾರೆ. ಎರಡು ನಿಮಿಷ ಆ ಕುರ್ಚಿಯಲ್ಲಿ ಕುಳಿತೂ ಬರುತ್ತಾರೆ.

ಕೆಳಗಿನ ತುರ್ತು ವಿಭಾಗದ ಮೆಟ್ಟಿಲ ಮೇಲೆ ಅರ್ಧ ಲೋಟ ಕಾಫಿ ಹಿಡಿದು ಕುಳಿತವರನ್ನು, ಇನ್ನೇನು ಆಸೆಯಿದೆ ಎಂದು ಕೇಳಿದರೆ ಒಂದು ಗುಟುಕು ಕುಡಿದು ಹೇಳುತ್ತಾರೆ. "ಎಂಟು ವರ್ಷ ಸರ್ವೀಸ್ ಇದೆ. ಆಮೇಲೆ ನನ್ನ ಜಾಗಕ್ಕೆ ಯಾರೋ ಬರ್ತಾರೆ. ನನಗಿಂತ ಚೆನ್ನಾಗಿ ಹೊಲೀತಾರೆ, ಅದರಲ್ಲಿ ಅನುಮಾನ ಇಲ್ಲ. ಅವರು ಬಾಗಿಲ ಹತ್ತಿರ ನಿಂತಿರೋರನ್ನ ಕೇಳ್ತಿರಬೇಕು. ಕೇಳಿ, ಉತ್ತರ ಬರೋವರೆಗೂ ಕಾಯ್ತಿರಬೇಕು. ಅಷ್ಟಾದ್ರೆ ಸಾಕು..."

ಮಾತು ಅಲ್ಲಿಗೇ ನಿಲ್ಲುತ್ತದೆ. ಆಂಬುಲೆನ್ಸಿನ ಸದ್ದು ಗೇಟಿನೊಳಗೆ ಬಂದಾಗಿದೆ. ಲೋಟ ಮೆಟ್ಟಿಲ ಮೇಲಿರುತ್ತದೆ, ಅವರು ಇರುವುದಿಲ್ಲ. ಬಾಗಿಲುಗಳು ತೆರೆಯುತ್ತವೆ. ಗಾಜಿನ ಕಾರ್ಖಾನೆಯ ಕೆಲಸದವಳೊಬ್ಬಳು, ತೊಡೆಯ ಬಳಿ ಆಳವಾದ ಸೀಳು. ಡಾಕ್ಟರಮ್ಮ ಬಟ್ಟೆಯೊಂದನ್ನು ಸೆಳೆದು ಗಾಯದೊಳಕ್ಕೆ ಅದುಮುತ್ತ, ಮಹಡಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಒಂದು!"

ಟ್ರಾಲಿಯ ತಲೆಕಡೆ ಬಗ್ಗಿದ ಗಾಲಿಯಣ್ಣ, ಹೊಸದಾಗಿ ಹೊಲಿದ ಜೇಬಿನಿಂದ ಬಳಪ ತೆಗೆದು, ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ: "ಬರ್ಕೊಂಡೆ ಮೇಡಂ, ಒಂದು. ನಡೀರಿ!"